ಗೋಡೆಗೆ ಅಂಗೈ ಇಡುತ್ತಿದ್ದವರು

ಹೋದ ಗುರುವಾರ ಒಂದು ಕಾರ್ಡು ಬಂತು. ಕ್ಯಾಸಂಬಳ್ಳಿ ಅಂಚೆಯ ಮುದ್ರೆ. ಒಳಗೆ ಇದ್ದದ್ದು ಇಷ್ಟೇ: 'ಅಪ್ಪ ಹೋದರು. ಮನೆಯಲ್ಲಿ. ಮಂಚದ ಮೇಲೆ. ಜ್ವರ. ನೀವು ಚೆನ್ನಾಗಿರಿ.' ಅಕ್ಷರ ಅವರ ಮಗಳದು, ನಾನೇ ತಿದ್ದಿಸಿದ್ದು. 'ಮಂಚದ ಮೇಲೆ' ಎಂಬ ಮಾತಿನ ಕೆಳಗೆ ಒಂದು ಗೆರೆ ಎಳೆದಿದ್ದಳು. ಚಿನ್ನದ ಗಣಿಯಲ್ಲಿ ಇಪ್ಪತ್ತೈದು ವರ್ಷ ಕೆಲಸ ಮಾಡಿದ ಮನುಷ್ಯ ಮಂಚದ ಮೇಲೆ ಸತ್ತ ಎಂದರೆ ಆ ಕಡೆಯವರಿಗೆ ಅದು ಸಮಾಧಾನದ ಸುದ್ದಿ.

ನಾನು ಸಮಾಧಾನಪಡಬೇಕಿತ್ತು. ಆದರೆ ಆಗಲಿಲ್ಲ. ಅವರು ಸತ್ತರೆಂದಲ್ಲ. ಆ ಅಕ್ಷರ ಕಂಡೊಡನೆ ಬಂಗಾರಪೇಟೆಯ ಹಳಿಗಳ ನಡುವೆ ಕುಳಿತ ಒಂದು ಹುಡುಗಿ ಕಣ್ಣ ಮುಂದೆ ಬಂದಳು. ಒಂಬತ್ತು ವರ್ಷವಾಯಿತು. ಈಗಲೂ ತಿಂಗಳಿಗೊಮ್ಮೆಯಾದರೂ ಬರುತ್ತಾಳೆ. ಪ್ರತಿ ಸಲವೂ ಅದೇ ಜಾಗದಲ್ಲಿ ಕೂತಿರುತ್ತಾಳೆ, ನಾನು ಅದೇ ಜಾಗದಲ್ಲಿ ನಿಂತಿರುತ್ತೇನೆ.

ಬಿ.ಎ. ಮುಗಿಸಿ ತುಮಕೂರಿನ ಕಡೆಯಿಂದ ಕೋಲಾರ ಚಿನ್ನದ ಗಣಿಯ ಚಾಂಪಿಯನ್ ರೀಫ್ಸ್‌ಗೆ ಹೋದಾಗ ನನಗೆ ಇಪ್ಪತ್ತಮೂರು ವರ್ಷ. ಗಣಿ ಕಾರ್ಮಿಕರ ಸಾಲುಮನೆಗಳ ಪಕ್ಕದಲ್ಲಿದ್ದ ಕನ್ನಡ ಶಾಲೆಯಲ್ಲಿ ಮೇಷ್ಟ್ರು. ಸೇರಿದ ವಾರವೇ ಆ ಹುಡುಗಿಯ ಅಪ್ಪನನ್ನು ನೋಡಿದೆ. ಎತ್ತರದ ಆಳು, ಬೆನ್ನು ಸ್ವಲ್ಪ ಬಾಗಿತ್ತು. ತಗ್ಗು ಸುರಂಗಗಳಲ್ಲಿ ನಡೆದು ನಡೆದು ಹಾಗಾಗಿತ್ತು. ಹೆಡ್‌ಮೇಷ್ಟ್ರ ಕೋಣೆಯೊಳಗೆ ಬಂದವರು ನಮಸ್ಕಾರ ಮಾಡುವ ಮೊದಲು ಬಾಗಿಲ ಪಕ್ಕದ ಗೋಡೆಗೆ ಬಲ ಅಂಗೈ ಇಟ್ಟು ಒಂದು ಕ್ಷಣ ಸುಮ್ಮನೆ ನಿಂತರು. ಆಮೇಲೆ ಕೈ ತೆಗೆದು ಮುಗಿದರು.

"ಏನಪ್ಪಾ, ಗೋಡೆಗೆ ಜ್ವರ ಬಂದಿದೆಯಾ?" ಅಂದರು ಹೆಡ್‌ಮೇಷ್ಟ್ರು.

"ಗ್ವಾಡೆ ಗಟ್ಟಿ ಐತೆ ಸಾ. ನಮ್ಮ ಪಾಪನ್ನ ಇಲ್ಲೇ ಸೇರಸ್ತೀನಿ."

ಅವರ ಹಿಂದೆ ಹನ್ನೆರಡು ವರ್ಷದ ಹುಡುಗಿ ಬರಿಗಾಲಲ್ಲಿ ನಿಂತಿದ್ದಳು. ಹುಟ್ಟಿನಿಂದ ಕಿವಿ ಕೇಳದು, ಆದ್ದರಿಂದ ಮಾತೂ ಬಾರದು. ಎರಡು ಶಾಲೆಗಳಲ್ಲಿ ಆಗುವುದಿಲ್ಲ ಎಂದು ಕಳಿಸಿದ್ದರಂತೆ. ಕೇಳದ ಮಗುವಿಗೆ ಪಾಠ ಹೇಗೆ ಹೇಳುವುದು ಎಂದು ಹೆಡ್‌ಮೇಷ್ಟ್ರು ಕೇಳಿದರು.

"ಕಿವಿ ಇಲ್ಲ ಅಷ್ಟೇಯ ಸಾ. ಮಿಕ್ಕಿದ್ದೆಲ್ಲಾ ಈ ಒಸಾ ಮೇಷ್ಟ್ರಿಗಿಂತ ಒಂದು ಸೇರು ಜಾಸ್ತೀನೇ ಐತೆ," ಎಂದು ನನ್ನ ಕಡೆ ತೋರಿಸಿದರು. ಹೆಡ್‌ಮೇಷ್ಟ್ರು ನಕ್ಕುಬಿಟ್ಟರು. ನಕ್ಕ ಮೇಲೆ ಇಲ್ಲ ಅನ್ನಲಾಗಲಿಲ್ಲ.

ಅವರದು ಗಣಿಯಲ್ಲಿ ಮರದ ಕೆಲಸ. ಸುರಂಗದ ಮಾಡು ಕುಸಿಯದಂತೆ ದಿಮ್ಮಿಗಳನ್ನು ಊರಿ ನಿಲ್ಲಿಸುವುದು. ಆ ಆಳದಲ್ಲಿ ಬಂಡೆಗಳು ತಾವಾಗಿಯೇ ಸಿಡಿಯುತ್ತಿದ್ದವು. ಸಿಡಿದರೆ ಮೇಲೆ ನಮ್ಮ ಶಾಲೆಯ ಹಂಚುಗಳವರೆಗೆ ಎಲ್ಲ ಅದುರುತ್ತಿತ್ತು. ಸಿಡಿಯುವ ಮುಂಚೆ ದಿಮ್ಮಿ ಸಣ್ಣಗೆ ನಡುಗುತ್ತದಂತೆ. ಅದನ್ನು ತಿಳಿಯಲೆಂದೇ ಅವರು ಕಂಡ ಕಂಡ ಮರಕ್ಕೆ, ಗೋಡೆಗೆ ಅಂಗೈ ಇಡುತ್ತಿದ್ದರು. ಗಣಿಯಿಂದ ಮೇಲೆ ಬಂದರೂ ಆ ಅಭ್ಯಾಸ ಬಿಡಲಿಲ್ಲ. ಕಾಫಿ ಹೋಟೆಲಿನ ಕಂಬ, ಅಂಚೆ ಕಚೇರಿಯ ಗೋಡೆ, ಒಂದು ಸಲ ನನ್ನ ಮದುವೆ ಮಾತಿಗೆ ಬಂದಿದ್ದ ಸೋದರಮಾವನ ಬೆನ್ನು. ಮಾವ ಬೆಚ್ಚಿಬಿದ್ದ. "ಗಟ್ಟಿ ಮನುಸ, ಎಣ್ಣು ಕೊಡಸ್ತಾರೆ ಬುಡಿ," ಅಂದರು ಅವರು.

ಹೆಂಡತಿ ಕ್ಯಾಸಂಬಳ್ಳಿ ಪಕ್ಕದ ಹಳ್ಳಿಯಲ್ಲಿ ರಾಗಿ ಹೊಲ, ಎರಡು ಎಮ್ಮೆ ನೋಡಿಕೊಂಡಿದ್ದರು. ಶಾಲೆಗಾಗಿ ಮಗಳು ಇವರ ಜೊತೆ ಸಾಲುಮನೆಯಲ್ಲಿದ್ದಳು. ಇಬ್ಬರಿಗೂ ಅವರದೇ ಕೈಭಾಷೆ. ಅದರಲ್ಲಿ ಅವರು ಮೊದಲು ಕಲಿಸಿದ್ದು ಊಟ, ನೀರು ಅಲ್ಲ, ಅದುರು. ಬೆರಳು ಅಗಲಿಸಿ ಅಂಗೈ ನಡುಗಿಸಿದರೆ ನೆಲ ಅದುರಿತು ಎಂದು. ಅಂಗೈಯನ್ನು ಎರಡು ಸಲ ಕೆಳಗೆ ಒತ್ತಿದರೆ ಕೂತುಕೋ. ಆಮೇಲೆ ಎರಡು ಬೆರಳು ಎತ್ತಿ ತೋರಿಸುವುದು: ಎರಡನೆಯದು ಇನ್ನೂ ಬರಬೇಕು.

"ಒಂದು ಸಿಡುದ್ರೆ ಇಂದೇನೇ ಇನ್ನೊಂದು ಬತ್ತದೆ ಮೇಷ್ಟ್ರೆ," ಎಂದು ನನಗೂ ವಿವರಿಸಿದ್ದರು. "ಮೊದಲ್ನೇದಕ್ಕೆ ಎದ್ರಿ ಓಡ್ದೋನು ಎರಡ್ನೇದಕ್ಕೆ ಸಿಕ್ಕಂತಾನೆ. ಅದುರು ಬರೋ ಕಡೀಗೆ ಬೆನ್ನು ಕೊಟ್ಟು, ತಲೆ ಬಗ್ಗಿಸಿ ಕುಂತ್ಕಂಬುಡಬೇಕು. ಎರಡ್ನೇದು ಓಗೋಗಂಟ ಏಳಬಾರ್ದು."

ಎರಡು ವರ್ಷದ ನಂತರ, ಒಂದು ಮಧ್ಯಾಹ್ನ, ನಾನು ಲೆಕ್ಕ ಹೇಳಿಕೊಡುತ್ತಿದ್ದಾಗ ನೆಲ ಅದುರಿತು. ಅಷ್ಟು ಜೋರಾಗಿ ನಾನು ಕಂಡಿರಲಿಲ್ಲ. ಕರಿಹಲಗೆ ಕಳಚಿ ಬಿತ್ತು. ಮಕ್ಕಳು ಬಾಗಿಲ ಕಡೆ ನುಗ್ಗಿದರು. ನಿಜ ಹೇಳಬೇಕೆಂದರೆ ಎಲ್ಲರಿಗಿಂತ ಮೊದಲು ಅಂಗಳದಲ್ಲಿದ್ದವನು ನಾನು. ತಿರುಗಿ ನೋಡಿದರೆ ಆ ಹುಡುಗಿ ಬಾಗಿಲಿಗೆ ಅಡ್ಡ ಕೂತಿದ್ದಾಳೆ. ಓಡುತ್ತಿದ್ದ ಇಬ್ಬರು ಹುಡುಗಿಯರನ್ನು ಲಂಗ ಹಿಡಿದು ಕೆಡವಿದ್ದಾಳೆ. ಉಳಿದವರಿಗೆ ಅಂಗೈ ಒತ್ತಿ ಒತ್ತಿ ತೋರಿಸುತ್ತಿದ್ದಾಳೆ: ಕೂತುಕೊಳ್ಳಿ. ಆಗ ಎರಡನೆಯದು ಬಂತು. ಹೊರಗೆ, ಬಾಗಿಲ ಮುಂದೆ, ಸೂರಿನ ಹಂಚು ಸಾಲಾಗಿ ಬಂದು ಬಿತ್ತು. ಮಕ್ಕಳು ಓಡಿದ್ದರೆ ಆ ಹೊತ್ತಿಗೆ ಅಲ್ಲಿರುತ್ತಿದ್ದರು.

ಮಾರನೆಯ ದಿನ ಪ್ರಾರ್ಥನೆಯ ಹೊತ್ತಿಗೆ ಹೆಡ್‌ಮೇಷ್ಟ್ರು ಅವಳನ್ನು ಮುಂದೆ ಕರೆದು ನಿಲ್ಲಿಸಿದರು. ನಾವೆಲ್ಲ ಚಪ್ಪಾಳೆ ತಟ್ಟಿದೆವು. ಕೇಳದಿದ್ದರೂ ಅಷ್ಟು ಕೈಗಳನ್ನು ನೋಡಿ ಅವಳ ಮುಖ ಕೆಂಪಾಯಿತು. 'ಸಮಯಪ್ರಜ್ಞೆಗಾಗಿ' ಎಂದು ಬರೆದ ಒಂದು ಕಾಗದ ಕೊಟ್ಟರು. ಅದಕ್ಕಿಂತ ದೊಡ್ಡ ಬಹುಮಾನವೆಂದರೆ, ಎಂಟನೆಯ ಕ್ಲಾಸಿನವರ ಜೊತೆ ಅವಳನ್ನೂ ಬಂಗಾರಪೇಟೆಗೆ ರೈಲಿನಲ್ಲಿ ಕರೆದುಕೊಂಡು ಹೋಗುವುದು. ಬಂಗಾರಪೇಟೆಯಲ್ಲಿ ನೋಡುವುದೇನಿದೆ ಎನ್ನಬೇಡಿ. ಗಣಿಯ ಮಕ್ಕಳಿಗೆ ಮದರಾಸಿನಿಂದ ಬರುವ ದೊಡ್ಡ ಗಾಡಿ, ಕೋಲಾರಕ್ಕೆ ಹೋಗುವ ಪುಟ್ಟ ಗಾಡಿ, ಸೊಂಡಿಲಿನಂಥ ಕೊಳವೆಯಿಂದ ನೀರು ಕುಡಿಯುವ ಎಂಜಿನ್, ಇಷ್ಟು ಸಾಕಾಗಿತ್ತು.

ಆ ಹದಿನೈದು ದಿನ ಅವರನ್ನು ನೋಡಬೇಕಿತ್ತು. ಕಾಗದಕ್ಕೆ ಗಾಜು, ಚೌಕಟ್ಟು ಹಾಕಿಸಿದರು. ಗಣಿಗೆ ಇಳಿಯುವ ಸಾಲಿನಲ್ಲಿ ನಿಂತಾಗ ಅದೇ ಮಾತು. ಸಂಜೆ ಹೋಟೆಲಿನಲ್ಲಿ ನಾನೇ ಕೇಳಿದ್ದೇನೆ. ಜೊತೆಯವನೊಬ್ಬ ಛೇಡಿಸಿದ: "ಏನಣ್ಣೋ, ನಿನ್ನನ್ನೇ ಮೇಸ್ತ್ರಿ ಮಾಡ್ದಂಗೆ ಆಡ್ತೀಯಲ್ಲ."

"ನನ್ನನ್ನಲ್ಲ ಕಣ್ಲಾ, ನನ್ನ ಪಾಪನ್ನ. ನಿಮ್ ಮಕ್ಳೆಲ್ಲಾ ಕಿವಿ ಇಟ್ಕಂಡು ಓಡುದ್ರು. ನನ್ನ ಪಾಪ ಕುಂತಿದ್ಳು."

"ರೈಲ್ನಾಗೂ ಕುಂತ್ಕಂಡೇ ಓಗ್ತಾಳಾ, ನಿಂತ್ಕಂಡಾ?"

"ಕಿಟಕಿ ಪಕ್ಕ ಕುಂತ್ಕಂಡು ಓಗ್ತಾಳೆ. ಮೇಷ್ಟ್ರಿಗೆ ಏಳಿವ್ನಿ," ಎಂದು ನನ್ನ ಕಡೆ ನೋಡಿದರು. ಹೇಳಿರಲಿಲ್ಲ. ನಾನು ಹೌದೆಂದು ತಲೆಯಾಡಿಸಿದೆ.

ಹೊರಡುವ ದಿನ ಬೆಳಿಗ್ಗೆ ಪಾಳಿ ಬದಲಾಯಿಸಿಕೊಂಡು ಚಾಂಪಿಯನ್ ಸ್ಟೇಷನ್ನಿಗೆ ಬಂದಿದ್ದರು. ಮಗಳ ಜಡೆಗೆ ಕೆಂಪು ಟೇಪು, ಕಾಲಿಗೆ ರಾಬರ್ಟ್‌ಸನ್‌ಪೇಟೆಯಿಂದ ತಂದ ಹೊಸ ಚಪ್ಪಲಿ. ಅವಳು ಚಪ್ಪಲಿ ಹಾಕಿದ್ದನ್ನು ನಾನು ಅದೇ ಮೊದಲು ನೋಡಿದ್ದು. ನೆಲ ತಿಳಿಯುವುದಿಲ್ಲವೆಂದು ಹಾಕುತ್ತಿರಲಿಲ್ಲ. ಗಾಡಿಗೆ ಹತ್ತಿಸುವಾಗ ಡಬ್ಬಿಯ ಪಕ್ಕಕ್ಕೆ ಅಂಗೈ ಇಟ್ಟು ನೋಡಿದರು. ಆಮೇಲೆ ನನಗೆ ಹೇಳಿದರು: "ನೀವೇನ್ ಎದ್ರಬ್ಯಾಡಿ ಮೇಷ್ಟ್ರೆ. ಏನಾರ ಆದ್ರೆ ಪಾಪ ನಿಮ್ಮುನ್ನ ನೋಡ್ಕಂತಾಳೆ."

ತಮಾಷೆಗೆ ಹೇಳಿದ್ದು. ನಾನೂ ನಕ್ಕೆ.

ಬೆಳಿಗ್ಗೆಯೆಲ್ಲ ಚೆನ್ನಾಗಿ ಕಳೆಯಿತು. ಹಳಿಗಳ ಆಚೆ ಒಂದು ಹೊಂಗೆ ತೋಪಿನಲ್ಲಿ ಚಿತ್ರಾನ್ನ ತಿಂದೆವು. ವಾಪಸು ಸ್ಟೇಷನ್ನಿಗೆ ಬರಲು ಜನ ಓಡಾಡಿ ಸವೆದ ಕಾಲುದಾರಿಯಲ್ಲಿ ಹಳಿಗಳನ್ನು ದಾಟಬೇಕು. ಹೆಡ್‌ಮೇಷ್ಟ್ರು ಮುಂದೆ, ಮಕ್ಕಳು ಸಾಲಾಗಿ, ಕೊನೆಯಲ್ಲಿ ನಾನು. ಅವಳು ನನಗಿಂತ ಸ್ವಲ್ಪ ಹಿಂದೆ. ಹೊಸ ಚಪ್ಪಲಿ ಕಚ್ಚಿ ಹಿಮ್ಮಡಿ ಸುಲಿದಿತ್ತು. ಬಿಚ್ಚಿ ಕೈಯಲ್ಲಿ ಹಿಡಿದುಕೊಳ್ಳುತ್ತಿದ್ದಳು. ಮುಂದೆ ಯಾವುದೋ ಮಗು ಬುತ್ತಿ ಬೀಳಿಸಿ ಅಳತೊಡಗಿತು. ನಾನು ಅದನ್ನು ಎತ್ತಿಕೊಡಲು ಹೋದೆ. ಅಷ್ಟೇ. ಅರ್ಧ ನಿಮಿಷವೂ ಇರಲಾರದು.

ತಿರುಗಿದಾಗ ಅವಳು ನಡುವಿನ ಹಳಿಗಳ ಮಧ್ಯೆ ಬರಿಗಾಲಲ್ಲಿ ನಿಂತು ಪಾದಗಳನ್ನು ನೋಡಿಕೊಳ್ಳುತ್ತಿದ್ದಳು. ಮದರಾಸು ಕಡೆಯಿಂದ ಗೂಡ್ಸ್ ಗಾಡಿ ಬರುತ್ತಿತ್ತು, ಅದೇ ಹಳಿಯ ಮೇಲೆ, ಸಿಳ್ಳು ಹಾಕುತ್ತ. ಅವಳು ಬಗ್ಗಿ ಅಂಗೈಯನ್ನು ಮರದ ಅಡ್ಡಪಟ್ಟಿಗೆ ಇಟ್ಟಳು. ನನಗೆ ಏನೆಂದು ಹೊಳೆಯುವಷ್ಟರಲ್ಲಿ, ಅದುರು ಬರುವ ಕಡೆಗೆ ಬೆನ್ನು ಕೊಟ್ಟು, ಅಪ್ಪ ಕಲಿಸಿದ ಹಾಗೆ, ನಾವು ಬಹುಮಾನ ಕೊಟ್ಟ ಹಾಗೆ, ಅಲ್ಲೇ ಕೂತುಬಿಟ್ಟಳು.

ನಾನು ಕೂಗಿದೆ. ಎರಡು ವರ್ಷದಿಂದ ಪಾಠ ಹೇಳಿದವನು ಕಿವಿ ಕೇಳದ ಹುಡುಗಿಯ ಹೆಸರು ಹಿಡಿದು ಕೂಗಿದೆ. ಮೂರು ಸಲ, ನಾಲ್ಕು ಸಲ. ಅವಳು ತಲೆ ಎತ್ತಿ ನನ್ನನ್ನು ನೋಡಿದಳು. ಮುಖದಲ್ಲಿ ಭಯವಿರಲಿಲ್ಲ. ಉತ್ತರ ಚೆನ್ನಾಗಿ ಗೊತ್ತಿರುವ ಪ್ರಶ್ನೆ ಬಂದಾಗ ಮಕ್ಕಳ ಮುಖ ಹೇಗಿರುತ್ತದೋ ಹಾಗಿತ್ತು. ನಾನು ನಿಂತೇ ಇರುವುದನ್ನು ಕಂಡು ಅವಳಿಗೆ ಚಿಂತೆಯಾಯಿತು. ಅಂಗೈಯನ್ನು ಎರಡು ಸಲ ಕೆಳಗೆ ಒತ್ತಿದಳು: ಕೂತುಕೊಳ್ಳಿ. ಆಮೇಲೆ ಎರಡು ಬೆರಳು ಎತ್ತಿದಳು.

ನಾನು ಜಲ್ಲಿಯ ಮೇಲೆ ಕೂತೆ. ಅದನ್ನು ನೋಡಿ ಅವಳು ಮೆಚ್ಚುಗೆಯಿಂದ ತಲೆಯಾಡಿಸಿದಳು, ಹಿಂದೆ ಎಂಜಿನ್ನು ಕರ‍್ರಗೆ ಬೆಳೆಯುತ್ತಿರುವಾಗ.

ಆಚೆ ಕಡೆಯಿಂದ ಹಳಿ ಬದಲಿಸುವ ಒಬ್ಬ ಪಾಯಿಂಟ್ಸ್‌ಮನ್ ಕೈಯಲ್ಲಿದ್ದ ಬಾವುಟ ಎಸೆದು ಓಡಿಬಂದ. ಅವಳ ರಟ್ಟೆ ಹಿಡಿದು ಎಳೆದ. ಅವಳು ಏಳಲಿಲ್ಲ. ಅವನ ಕೈಯನ್ನೇ ಹಿಡಿದು ಕೆಳಕ್ಕೆ ಜಗ್ಗಿದಳು, ಅವನನ್ನೂ ಕೂರಿಸಲು. ಅವನು ಇನ್ನೊಂದು ಕೈಯಿಂದ ಜಡೆ ಹಿಡಿದು ದರದರ ಎಳೆದು ಆಚೆ ಉರುಳಿದ. ಆಮೇಲೆ ನನಗೂ ಅವರಿಗೂ ನಡುವೆ ವ್ಯಾಗನ್ನುಗಳು ಹೋದವು. ಒಂದಾದ ಮೇಲೊಂದು ಹೋಗುತ್ತಲೇ ಇದ್ದವು. ಅವು ಹೋಗಿ ಮುಗಿಯುವತನಕ ಆಚೆ ಏನಾಗಿದೆ ಎಂದು ನನಗೆ ಗೊತ್ತಿರಲಿಲ್ಲ. ನಾನು ಎಂದಾದರೂ ಸತ್ತು ಬದುಕಿದ್ದರೆ ಅಷ್ಟು ಹೊತ್ತು.

ಕೊನೆಯ ವ್ಯಾಗನ್ ದಾಟಿತು. ಇಬ್ಬರೂ ಕೂತಿದ್ದರು. ಅವಳ ಮೊಣಕೈ ತರಚಿತ್ತು, ಟೇಪು ಕಿತ್ತುಹೋಗಿತ್ತು. ಹಳಿಗಳ ಮಧ್ಯೆ ಒಂದು ಚಪ್ಪಲಿ ಬಿದ್ದಿತ್ತು. ಅದಕ್ಕೆ ಏನೂ ಆಗಿರಲಿಲ್ಲ.

ಪಾಯಿಂಟ್ಸ್‌ಮನ್ ನನ್ನ ಹತ್ತಿರ ಬಂದ. ಏದುಸಿರು ಬಿಡುತ್ತಿದ್ದ. "ಏನ್ ಸಾರ್, ಓದ್ದೋರು. ಕೂಗ್ತಾ ಕುಂತಿದ್ರಲ್ಲ."

"ಆ ಹುಡುಗಿಗೆ ಕಿವಿ ಕೇಳಿಸಲ್ಲ," ಎಂದೆ.

"ನಿಮಗೆ ಕಾಲಿಲ್ವಾ?"

ಕೂರಬೇಕಾದ ದಿನ ಓಡಿದೆ, ಓಡಬೇಕಾದ ದಿನ ಕೂತೆ.

ಸಂಜೆ ಚಾಂಪಿಯನ್ ಸ್ಟೇಷನ್ನಿನಲ್ಲಿ ಅವರು ಕಾಯುತ್ತಿದ್ದರು. ಒಬ್ಬರೇ ಅಲ್ಲ, ಜೊತೆ ಕೆಲಸದವರು ಏಳೆಂಟು ಜನ. ಅವರೇ ಕರೆದುಕೊಂಡು ಬಂದಿದ್ದರು, ಮಗಳು ರೈಲಿಳಿಯುವುದನ್ನು ನೋಡಲಿ ಎಂದು. ಒಗೆದ ಅಂಗಿ, ಬಿಳಿ ರುಮಾಲು. ದಾರಿಯುದ್ದಕ್ಕೂ ಏನು ಹೇಳಬೇಕೆಂದು ನಾನು ಯೋಚಿಸುತ್ತ ಬಂದಿದ್ದೆ. ಹೇಳಲು ಬಿಡುವೇ ಸಿಗಲಿಲ್ಲ. ಅವಳು ಹಾರಿ ಇಳಿದವಳೇ ಅಪ್ಪನ ಎದುರು ನಿಂತು ಕೈಯಲ್ಲಿ ಹೇಳತೊಡಗಿದಳು. ಅವರು ಜೊತೆಯವರಿಗಾಗಿ ಗಟ್ಟಿಯಾಗಿ ಕನ್ನಡಕ್ಕೆ ತಿರುಗಿಸತೊಡಗಿದರು.

"ನೆಲ ಅದುರ್ತಂತೆ ಕಣ್ರಲಾ, ಬಂಗಾರ್‌ಪೇಟೇನಾಗೂ."

"ಅಲ್ಲಿಗಂಟ ತೋಡ್ಬುಟ್ವಾ ನಾವು?" ಅಂದ ಒಬ್ಬ. ಎಲ್ಲರೂ ನಕ್ಕರು.

"ಸುಮ್ಕಿರಲಾ. ಪಾಪ ಕುಂತ್ಕಂಡ್ಳಂತೆ, ಬೆನ್ನು ಕೊಟ್ಟು. ಮೇಷ್ಟ್ರು ನಿಂತೇ ಇದ್ರಂತೆ. ಅವ್ರುನ್ನೂ ಕೂರಸುದ್ಳಂತೆ."

"ಕುಂತ್ರಾ ಮೇಷ್ಟ್ರು?"

"ಕುಂತ್ರಂತೆ." ನನ್ನ ಕಡೆ ತಿರುಗಿ, "ನಾನ್ ಏಳಿರ್ನಿಲ್ವಾ ಮೇಷ್ಟ್ರೆ, ಪಾಪ ನೋಡ್ಕಂತಾಳೆ ಅಂತ?" ಅಂದರು. ಅವರ ಮುಖದಲ್ಲಿದ್ದ ಸಂತೋಷವನ್ನು ನಾನು ನೋಡಲಾರದೆ ಹೋದೆ.

ಹುಡುಗಿ ಮುಂದುವರಿಸಿದಳು. ಎರಡು ತೋರುಬೆರಳನ್ನು ಪಕ್ಕಪಕ್ಕದಲ್ಲಿ ಚಾಚಿ ಹಿಡಿದಳು. ಅದು ಅವರ ಭಾಷೆಯಲ್ಲಿ ಹಳಿ. ಮೇಲೆ ಮುಷ್ಟಿ ಉರುಳಿಸಿದಳು. ಅದು ರೈಲು. ಆಮೇಲೆ ಯಾರೋ ತನ್ನ ಜಡೆ ಹಿಡಿದು ಎಳೆದರೆಂದು ತೋರಿಸಿದಳು. ಅದುರೂ ರೈಲೂ ಒಂದೇ ಸಂಗತಿ ಎಂದು ಅವಳಿಗಿನ್ನೂ ತಿಳಿದಿರಲಿಲ್ಲ. ನೆಲ ಅದುರಿತು, ತಾನು ಸರಿಯಾಗಿಯೇ ಕೂತೆ, ಅದೇ ಹೊತ್ತಿಗೆ ಎಲ್ಲಿಂದಲೋ ರೈಲೂ ಬಂತು.

"ಆಮೇಲೆ..." ಅಂದರು ಅವರು. ಅಲ್ಲಿಗೆ ನಿಂತಿತು.

ಅವರು ನಿಧಾನವಾಗಿ ತಮ್ಮ ಎರಡು ಬೆರಳನ್ನು ಹಳಿಯ ಹಾಗೆ ಹಿಡಿದರು. ಬೆರಳುಗಳ ನಡುವಿನ ಜಾಗವನ್ನು ಗದ್ದದಿಂದ ತೋರಿಸಿ ಮಗಳನ್ನು ನೋಡಿದರು: ಇಲ್ಲೇನಾ? ಅವಳು ಹೌದೆಂದು ಜೋರಾಗಿ ತಲೆಯಾಡಿಸಿದಳು. ಅವರು ನನ್ನ ಕಡೆ ನೋಡಿದರು. ನಾನೂ ತಲೆಯಾಡಿಸಿದೆ.

"ಆಮೇಲೇನಾಯ್ತು ಏಳಣ್ಣೋ," ಅಂದ ಜೊತೆಯವನು.

"ಆಮೇಲೆ ಮನೀಗ್ ಬಂದ್ಳು. ಅಷ್ಟೇಯ." ಮಗಳ ತರಚಿದ ಮೊಣಕೈ ಹಿಡಿದುಕೊಂಡು ಹೊರಟರು. ಸ್ಟೇಷನ್ನಿನ ಕಂಬ ಪಕ್ಕದಲ್ಲೇ ಇತ್ತು. ಅಂಗೈ ಇಡಲಿಲ್ಲ.

ಆ ನಂತರದ ಭಾನುವಾರಗಳಲ್ಲಿ ಮಗಳನ್ನು ಮಾರಿಕುಪ್ಪಂ ಹತ್ತಿರ ಗಾಡಿ ನಿಧಾನವಾಗುವ ಕಡೆ ಕರೆದುಕೊಂಡು ಹೋಗುತ್ತಿದ್ದರು. ಹಳಿಗೆ ಅವಳ ಕೈ ಇಡಿಸುವುದು, ಅದುರು ಹತ್ತಿದೊಡನೆ ಕೈ ಹಿಡಿದು ದಿಬ್ಬಕ್ಕೆ ಓಡುವುದು, ಅಲ್ಲಿಂದ ಗಾಡಿ ತೋರಿಸುವುದು. ಒಮ್ಮೆ ನನ್ನನ್ನೂ ಕರೆದಿದ್ದರು. "ನೀವೂ ಓಡಿ ಮೇಷ್ಟ್ರೆ, ಅಭ್ಯಾಸ ಆಗ್ಲಿ," ಅಂದರು. ಮೂವರೂ ಓಡಿದೆವು. ನಾಲ್ಕನೆಯ ಭಾನುವಾರಕ್ಕೆ ಅವಳು ಅಪ್ಪನಿಗಿಂತ ಮೊದಲು ಅದುರು ಹಿಡಿದು, ಅಪ್ಪನನ್ನೇ ಎಳೆದುಕೊಂಡು ಓಡಿದಳಂತೆ. ಆದರೆ ಅದನ್ನು ಹೇಳುವಾಗ ಅವರು ಹೋಟೆಲಿನಲ್ಲಿ ದನಿ ಏರಿಸಲಿಲ್ಲ. ನನಗೊಬ್ಬನಿಗೇ ಹೇಳಿದರು.

ಅದಕ್ಕೂ ಮೊದಲು, ಬಂಗಾರಪೇಟೆಯಿಂದ ಬಂದ ಮೂರನೆಯ ದಿನ, ಅವರು ಶಾಲೆಗೆ ಬಂದಿದ್ದರು. ಬಿಡುವಿನ ಹೊತ್ತು, ನಾನು ಜಗಲಿಯ ಮೇಲೆ ಒಬ್ಬನೇ ಕೂತಿದ್ದೆ. ಪಕ್ಕದಲ್ಲಿ ಕೂತು, ಟವೆಲಿನಿಂದ ಗಾಜಿನ ಚೌಕಟ್ಟನ್ನು ಬಿಚ್ಚಿ ನಮ್ಮಿಬ್ಬರ ನಡುವೆ ಇಟ್ಟರು.

"ಇದನ್ನ ನೀವೇ ಇಟ್ಕಳಿ."

"ಅದು ಅವಳದು," ಎಂದೆ.

"ಅವ್ಳದಲ್ಲ. ನಾನ್ ಏಳ್ಕೊಟ್ಟಿದ್ದುನ್ನ ಅವ್ಳು ಮಾಡುದ್ಳು. ಅದುರುದ್ರೆ ಕುಂತ್ಕ ಅಂತ ಏಳ್ಕೊಟ್ಟೆ. ಎಲ್ಲಿ ಕುಂತ್ಕಬಾರ್ದು ಅಂತ ಏಳ್ಕೊಡ್ನಿಲ್ಲ."

"ನಾವೂ ಹೇಳಲಿಲ್ಲ. ಚಪ್ಪಾಳೆ ತಟ್ಟಿದೆವು."

ಗಾಜಿನ ಮೇಲಿನ ಧೂಳನ್ನು ಟವೆಲಿನಿಂದ ಒರೆಸಿದರು. ಆಮೇಲೆ ಕೇಳಿದರು: "ಅಲ್ಲಿ ಕುಂತಿದ್ದಾಗ ಅವ್ಳ ಮೊಕ ಎಂಗಿತ್ತು ಮೇಷ್ಟ್ರೆ?"

ಸುಳ್ಳು ಹೇಳಬಹುದಿತ್ತು. ಹೇಳಲಿಲ್ಲ. "ಹೆದರಿರಲಿಲ್ಲ. ನಾನು ಹೆದರಿದ್ದೆ. ಹೆದರಬೇಡಿ, ಕೂತುಕೊಳ್ಳಿ ಅಂತ ನನಗೇ ಧೈರ್ಯ ಹೇಳುತ್ತಿದ್ದಳು."

"ಎದ್ರಿರ್ನಿಲ್ಲ," ಎಂದು ತಮಗೆ ತಾವೇ ಅಂದುಕೊಂಡರು. ಕಣ್ಣು ಮುಚ್ಚಿದರು. ಆ ಮುಖದಲ್ಲಿ ಹೋಟೆಲಿನ ಹೆಮ್ಮೆ ಒಂದು ಎಳೆಯಷ್ಟು ಬಂತು. ಬಂದದ್ದಕ್ಕೆ ಅವರೇ ಬೆಚ್ಚಿದ ಹಾಗೆ ಹಲ್ಲು ಕಚ್ಚಿದರು. ಹೆಮ್ಮೆ ಒಬ್ಬ ಮನುಷ್ಯನನ್ನು ಅಷ್ಟು ನೋಯಿಸಿದ್ದನ್ನು ನಾನು ಮತ್ತೆ ಕಂಡಿಲ್ಲ. ನಾನು ಚೌಕಟ್ಟನ್ನು ಎತ್ತಿ ಅವರ ತೊಡೆಯ ಮೇಲಿಟ್ಟೆ. ಬೇಡ ಅನ್ನಲಿಲ್ಲ.

ಗಂಟೆ ಹೊಡೆಯಿತು. ಮಕ್ಕಳು ಒಳಗೆ ಓಡಿದರು. ನಾನೂ ಏಳಲು ಹೋದೆ, ಕಾಲು ನಿಲ್ಲಲಿಲ್ಲ. ಮೂರು ದಿನದಿಂದ ಹಾಗೇ ಆಗುತ್ತಿತ್ತು. ಯಾರಿಗೂ ಹೇಳಿರಲಿಲ್ಲ. ಅವರು ತಿರುಗಿ ನೋಡಿದರು. ಬಲ ಅಂಗೈಯನ್ನು ನನ್ನ ಬೆನ್ನ ಮೇಲೆ, ಗೋಡೆಗೆ ಇಡುತ್ತಿದ್ದ ಹಾಗೆಯೇ, ಪೂರ್ತಿ ಅಗಲಿಸಿ ಇಟ್ಟರು. ಬಹಳ ಹೊತ್ತು ತೆಗೆಯಲಿಲ್ಲ.

"ಇನ್ನೂ ಅದುರ್ತಾ ಐತೆ," ಅಂದರು.

ಕ್ಲಾಸಿನಲ್ಲಿ ಮಕ್ಕಳು ಗಲಾಟೆ ಮಾಡುತ್ತಿದ್ದರು. ಹೋಗಬೇಕು ಎಂದೆ. ಅವರು ಕೈ ತೆಗೆಯದೆ, ಇನ್ನೊಂದು ಕೈಯ ಎರಡು ಬೆರಳು ಎತ್ತಿ ತೋರಿಸಿದರು. ನಾನು ಕೂತೆ. ಅವರೂ ಕೂತಿದ್ದರು.